ಹೆಸರಿಲ್ಲದ ಹುಣ್ಣಿಮೆ

ಪೂಜ್ಯ ಬೂದಯ್ಯಜ್ಜನವರು ಕರಿಮಡ್ಡಿಯ ಮಠದಲ್ಲಿದ್ದ ಕಾಲದ ಮಾತು. ಮಠವೆಂದ ಕೂಡಲೇ ದೊಡ್ಡ ಕಟ್ಟಡವನ್ನು ಕಣ್ಣ ಮುಂದೆ ತಂದುಕೊಳ್ಳಬಾರದು. ಊರ ಹೊರಗಿನ ಮಡ್ಡಿಯ ಮೇಲೆ ಮಣ್ಣಿನ ಮಾಳಿಗೆಯ ಎರಡು ಖೋಲಿ, ಮುಂದೊಂದು ಬೇವಿನ ಮರ, ಅದರ ನೆರಳಲ್ಲಿ ಎರಡು ಆಕಳು, ಇಷ್ಟೇ. ಅಜ್ಜನವರು ಪೂಜೆ ಮುಗಿಸಿಕೊಂಡು ಬೇವಿನ ಬುಡದಲ್ಲಿ ಕುಳಿತು ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದರು. ಬೇಕಾದ ರೈತರು ಬಂದು ಒಯ್ಯುತ್ತಿದ್ದರು. ಜಾತಕ ನೋಡುವುದು, ತಾಯಿತ ಕಟ್ಟುವುದು, ಭವಿಷ್ಯ ಹೇಳುವುದು ಅವರಲ್ಲಿ ಇರಲಿಲ್ಲ. ಸಂಕಟ ಹೊತ್ತು ಬಂದವರ ಕೈಗೆ ನಾರಿನ ಒಂದು ತುದಿ ಕೊಟ್ಟು, ಹಿಡಿದುಕೊಂಡು ಕೂಡಲು ಹೇಳುತ್ತಿದ್ದರು. ಹಗ್ಗ ಮುಗಿಯುವಷ್ಟರಲ್ಲಿ ಎಷ್ಟೋ ಜನರ ಸಂಕಟ ಅರ್ಧಕ್ಕೆ ಇಳಿದಿರುತ್ತಿತ್ತೆಂದು ಹಳಬರು ಈಗಲೂ ನೆನೆಯುತ್ತಾರೆ.

ಸೀಗಿ ಹುಣ್ಣಿಮೆಯ ಮರುದಿನ ಬೆಳಿಗ್ಗೆ ಆ ಮಡ್ಡಿಯನ್ನು ಏದುಸಿರು ಬಿಡುತ್ತ ಹತ್ತಿ ಬಂದವಳು ದವನವ್ವ. ಊರಲ್ಲೇ ಹುಟ್ಟಿ ಊರಲ್ಲೇ ಮದುವೆಯಾದ ಹಿರಿಯ ಮುತ್ತೈದೆ. ಅವಳ ಮಾತೆಂದರೆ ಊರಿಗೆ ಪಂಚಾಂಗ. ಕಾರ ಹುಣ್ಣಿಮೆಗೆ ಎತ್ತಿನ ಕೊಂಬಿಗೆ ಯಾವ ಬಣ್ಣ, ಕಡ್ಲಿಗಡಬಿನ ಹುಣ್ಣಿಮೆಗೆ ಹೂರಣಕ್ಕೆ ಎಷ್ಟು ಬೆಲ್ಲ, ಗೌರಿ ಹುಣ್ಣಿಮೆಯ ಸಕ್ಕರೆ ಆರತಿ ಯಾವ ಮನೆಯಿಂದ ಯಾವ ಮನೆಗೆ ಹೋಗಬೇಕು, ಎಲ್ಲವನ್ನೂ ಹೆಂಗಸರು ಅವಳನ್ನು ಕೇಳಿಯೇ ಮಾಡುತ್ತಿದ್ದರು. ಚಂದ್ರ ಕೂಡ ಮೂಡುವ ಮೊದಲು ದವನವ್ವನ ಅಪ್ಪಣೆ ಕೇಳುತ್ತಾನೆಂದು ಓಣಿಯ ಸೊಸೆಯಂದಿರು ಬೆನ್ನ ಹಿಂದೆ ನಗುತ್ತಿದ್ದರು. ಅದು ಅವಳ ಕಿವಿಗೆ ಬಿದ್ದಾಗ ಅವಳಿಗೇನೂ ಸಿಟ್ಟು ಬರಲಿಲ್ಲವಂತೆ, ಒಳಗೊಳಗೇ ಖುಷಿಯಾಯಿತಂತೆ.

ಅಂಥವಳು ಅಂದು ಮುಖ ಸಣ್ಣದು ಮಾಡಿಕೊಂಡು ಬಂದಿದ್ದಳು. ಹಬ್ಬದ ಎಣ್ಣೆಹೋಳಿಗೆಯ ಗಂಟನ್ನು ಅಜ್ಜನವರ ಮುಂದಿಟ್ಟು ನಮಸ್ಕರಿಸಿದಳು. ಅಜ್ಜನವರು ನಾರಿನ ತುದಿಯನ್ನು ಅವಳ ಕೈಗಿತ್ತರು. ಅವಳು ಹಿಡಿದುಕೊಂಡು ಕುಳಿತು ತನ್ನ ಕಥೆ ಬಿಚ್ಚಿದಳು.

ಆ ಊರಿನಲ್ಲಿ ಹೆಣ್ಣು ಹುಟ್ಟಿದರೆ ಹುಟ್ಟಿದ ತಿಂಗಳ ಹುಣ್ಣಿಮೆಯ ಹೆಸರಿಡುವ ರೂಢಿಯಿತ್ತು. ಬನದ ಹುಣ್ಣಿಮೆಯ ತಿಂಗಳಲ್ಲಿ ಹುಟ್ಟಿದವಳು ಬನವ್ವ, ಗೌರಿ ಹುಣ್ಣಿಮೆಯವಳು ಗೌರವ್ವ. ದವನದ ಹುಣ್ಣಿಮೆಯ ತಿಂಗಳಲ್ಲಿ ಹುಟ್ಟಿದ್ದರಿಂದ ಇವಳು ದವನವ್ವ. ಈಗ ಅವಳ ಮಗನಿಗೆ ಮೊದಲ ಕೂಸು ಹುಟ್ಟಿತ್ತು, ಅದೂ ಹೆಣ್ಣು. ಹುಟ್ಟಿದ್ದು ಮಾತ್ರ ಅಧಿಕ ಶ್ರಾವಣದಲ್ಲಿ, ನೇರ ಹುಣ್ಣಿಮೆಯ ದಿನವೇ. ಕೆಲವು ವರ್ಷಕ್ಕೊಮ್ಮೆ ಹೆಚ್ಚಾಗಿ ಬಂದು ಹೋಗುವ ಆ ತಿಂಗಳಿನ ಹುಣ್ಣಿಮೆಗೆ ಜನ ಹೆಸರನ್ನೇ ಇಟ್ಟಿಲ್ಲ. ಅಂದು ಹಬ್ಬವಿಲ್ಲ, ಅದಕ್ಕೆಂದು ಒಂದು ಅಡಿಗೆಯೂ ಇಲ್ಲ.

ಇಂಥ ಕೂಸುಗಳಿಗೆ ಹಿಂದಿನವರು ಸದ್ದಿಲ್ಲದೆ ಮುಂದಿನ ತಿಂಗಳ ಹೆಸರಿಟ್ಟು ಮುಗಿಸುತ್ತಿದ್ದರು. ದವನವ್ವನ ಹಟಕ್ಕೆ ಅದು ಒಗ್ಗಲಿಲ್ಲ. ಮುಂದಿನ ತಿಂಗಳ ನೂಲ ಹುಣ್ಣಿಮೆಯ ಹೆಸರನ್ನು ಕದ್ದು ತಂದು ತನ್ನ ಮೊಮ್ಮಗಳಿಗೆ ಇಡುವುದೇ? ಸರಿಯಾದ ಹೆಸರು ಹೊಳೆದ ಮೇಲೆಯೇ ತೊಟ್ಟಿಲು ತರುತ್ತೇನೆಂದು ಬೀಗರ ಊರಿಗೆ ಹೇಳಿ ಕಳಿಸಿದಳು. ಹೆಸರು ಹೊಳೆಯಲಿಲ್ಲ. ಕೂಸು ನಗಲು ಕಲಿಯಿತು, ಬೋರಲು ಬೀಳಲು ಕಲಿಯಿತು, ಅಜ್ಜಿ ಮಾತ್ರ ಅದರ ಮುಖ ನೋಡಿರಲಿಲ್ಲ. ಅಷ್ಟರಲ್ಲಿ ಊರ ಬಾವಿಕಟ್ಟೆಯಲ್ಲಿ ಯಾರೋ, ಹೆಚ್ಚಿನ ತಿಂಗಳಲ್ಲಿ ಹುಟ್ಟಿದ್ದು ಮನೆಗೂ ಹೆಚ್ಚಾದದ್ದೇ ಅಂದರು. ಆ ಮಾತು ತವರಿನಲ್ಲಿದ್ದ ಸೊಸೆ ಕಸ್ತೂರೆವ್ವನವರೆಗೂ ಹೋಯಿತು. ನನ್ನ ಮಗಳು ಯಾರಿಗೂ ಹೆಚ್ಚಾಗಿಲ್ಲ, ಹೆಸರಿಡದ ಮನೆಗೆ ನಾನು ಅವಳನ್ನು ಕರಕೊಂಡು ಬರುವುದಿಲ್ಲ ಎಂದು ಅವಳು ಖಂಡಿತವಾಗಿ ಹೇಳಿ ಕಳಿಸಿದ್ದಳು.

ದವನವ್ವನಿಗೆ ಸೊಸೆಯ ಮೇಲೆ ಸಿಟ್ಟಿರಲಿಲ್ಲ. ತಾನೂ ಹಾಗೇ ಅನ್ನುತ್ತಿದ್ದೆನೆಂದು ಅವಳಿಗೆ ಗೊತ್ತಿತ್ತು. ನಿನ್ನೆ ಹೊಲದಲ್ಲಿ ಭೂಮಿತಾಯಿಗೆ ಬಯಕೆಯ ಊಟ ಬಡಿಸಿ ಚರಗವೆಂದು ಎಡೆಯನ್ನು ಬೆಳೆಗೆ ಚೆಲ್ಲುವಾಗ ಬಸುರಿನಲ್ಲಿದ್ದಾಗಿನ ಸೊಸೆಯ ನೆನಪಾಗಿ ಅಳು ಬಂದಿತ್ತು. ಮೊಮ್ಮಗಳನ್ನು ಎತ್ತಿಕೊಳ್ಳಬೇಕೆಂದು ಕೈ ತುಡಿಯುತ್ತಿತ್ತು. ತಾನೇ ಹಾಕಿಕೊಂಡ ಗಂಟು, ತನಗೇ ಬಿಚ್ಚಲು ಬಾರದು. ಅಜ್ಜನವರೇ ಒಂದು ಹೆಸರು ಕೊಡಬೇಕೆಂದು ಬೇಡಿಕೊಂಡಳು.

ಅಜ್ಜನವರು ಹೆಸರು ಕೊಡಲಿಲ್ಲ. ಹೊಸೆಯುವ ಕೈ ನಿಲ್ಲಿಸದೆ ಕೇಳಿದರು:

"ಹೋದ ವರ್ಷ ಚರಗ ಚೆಲ್ಲೂವಾಗ ತೊಗರಿ ಹೆಂಗಿತ್ತು, ತಂಗಿ?"

ಕೇಳಿದ್ದೇ ತಡ, ದವನವ್ವನ ಬಾಯಿ ಬಿಚ್ಚಿಕೊಂಡಿತು. ಹೋದ ವರ್ಷ ಸೀಗಿ ಹುಣ್ಣಿಮೆ ತೀರಾ ಮುಂಚಿತವಾಗಿ ಬಂದು ನಿಂತಿತ್ತು, ತೊಗರಿಯಲ್ಲಿ ಒಂದು ಹೂವೂ ಇರಲಿಲ್ಲ, ಬಸುರಾಗದ ಹೊಲಕ್ಕೆ ಬಯಕೆ ಉಣಿಸಿ ಬಂದಂತಾಗಿತ್ತು. ಹಬ್ಬಗಳೆಲ್ಲ ವರ್ಷ ವರ್ಷ ಮಳೆಬೆಳೆಗಿಂತ ಮುಂದೆ ಮುಂದೆ ಓಡಿ, ಮಳೆಯಿಲ್ಲದೆ ಕಾರ ಹುಣ್ಣಿಮೆ ಮಾಡುವ ಗತಿ ಬಂತೆಂದು ತಾನು ಊರ ತುಂಬ ಬೈದುಕೊಂಡು ತಿರುಗಿದ್ದನ್ನೂ ಹೇಳಿದಳು.

"ಈ ವರ್ಷ?"

"ಈ ವರ್ಷ ನೂಲ ಹುಣ್ಣಿಮೆಯಿಂದ ಈಚೆ ಎಲ್ಲಾ ಹೊತ್ತಿಗೆ ಸರಿಯಾಗಿ ಬಂತ್ರಿ ಯಪ್ಪಾ. ನಿನ್ನೆ ನೋಡಬೇಕಿತ್ತು ನೀವು, ಹೊಲದ ತುಂಬ ಹೂವು."

"ನಡುವ ಬಂದು ಹೋದಾಕಿ ಯಾರು?"

ದವನವ್ವ ಇನ್ನೊಂದು ಕೈಯ ಬೆರಳು ಮಡಚಿ ತಿಂಗಳುಗಳನ್ನು ಎಣಿಸಿದಳು. ಆ ಸೀಗಿ ಹುಣ್ಣಿಮೆಗೂ ಈ ಸೀಗಿ ಹುಣ್ಣಿಮೆಗೂ ನಡುವೆ ಹೆಚ್ಚಾಗಿ ಬಂದು ಹೋದದ್ದು ಆ ಒಂದೇ ತಿಂಗಳು. ಅದು ಬಂದು ಮುಂದಿನ ಹಬ್ಬಗಳನ್ನು ಒಂದು ತಿಂಗಳು ತಡೆದು ನಿಲ್ಲಿಸಿದ್ದರಿಂದಲೇ ಹಬ್ಬ ಬೆಳೆಗಾಗಿ ಕಾಯಿತು. ಅದು ಬಾರದೆ ಹೋಗಿದ್ದರೆ ನೂಲಿಗೂ ಸೀಗಿಗೂ ಗೌರಿಗೂ ಹೆಸರು ಉಳಿಯುತ್ತಿತ್ತು, ಹೊತ್ತು ಉಳಿಯುತ್ತಿರಲಿಲ್ಲ. ಊರಿಗೆಲ್ಲ ಹುಣ್ಣಿಮೆ ಹೇಳಿಕೊಡುವ ತನಗೆ ಇದು ಇಷ್ಟು ದಿನ ಕಾಣಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಅಜ್ಜನವರು ಇನ್ನೊಂದು ಮಾತು ಕೇಳಿದರು.

"ನಿನ್ನ ಹಡೆದವ್ವನ ಹೆಸರೇನು?"

ಇದೆಂಥ ಪ್ರಶ್ನೆ ಎನ್ನಿಸಿತು ದವನವ್ವನಿಗೆ. ಹೇಳಲು ಹೋದಳು, ಹೆಸರು ನಾಲಿಗೆಗೆ ಬರಲಿಲ್ಲ. ಮಕ್ಕಳು ಅವಳನ್ನು ಅವ್ವ ಎನ್ನುತ್ತಿದ್ದರು. ಅಪ್ಪ ಒಂದು ದಿನವೂ ಹೆಸರು ಹಿಡಿದು ಕರೆದವನಲ್ಲ. ಬೇರೆ ಊರಿಂದ ಬಂದ ಸೊಸೆಯಾದ್ದರಿಂದ ಅವಳಿಗೆ ಹುಣ್ಣಿಮೆಯ ಹೆಸರೂ ಇರಲಿಲ್ಲ, ಓಣಿಯವರಿಗೆ ಅವಳು ದವನಿಯ ಅವ್ವ. ಎಲ್ಲರ ಎಲೆಗೂ ಬಿಸಿರೊಟ್ಟಿ ಬಡಿದು ಹಾಕಿ, ಉಂಡಿಲ್ಲದವರು ಯಾರೆಂದು ಹುಡುಕಿ ಕರೆತಂದು ಕೂಡ್ರಿಸಿ, ಕಡೆಗೆ ಆರಿದ ರೊಟ್ಟಿಯನ್ನು ಒಲೆಯ ಮುಂದೆ ತಾನೊಬ್ಬಳೇ ಕುಳಿತು ತಿನ್ನುತ್ತಿದ್ದ ಆ ತಾಯಿ ಕಣ್ಣಿಗೆ ಕಟ್ಟಿದಂತೆ ಬಂದಳು. ಹೆಸರು ಬರಲಿಲ್ಲ. ಹಗ್ಗ ಒಂದು ಮೊಳ ಬೆಳೆಯಿತು. ಆಮೇಲೆ, ಎಂದೋ ಸೋದರಮಾವ ಬಾಗಿಲಲ್ಲಿ ನಿಂತು ತನ್ನ ತಂಗಿಯನ್ನು ಕರೆದ ದನಿ ಎಲ್ಲಿಂದಲೋ ಕೇಳಿತು.

"ಹೂವಕ್ಕ," ಎಂದಳು ದವನವ್ವ. "ನಮ್ಮವ್ವನ ಹೆಸರು ಹೂವಕ್ಕ ಅಂತ್ರಿ."

ಹೇಳಿದವಳೇ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಹಡೆದವಳ ಹೆಸರು ತನ್ನ ಬಾಯಿಂದ ಅದೇ ಮೊದಲು ಬಂದದ್ದೆಂದು ಅವಳಿಗೆ ಆಗ ತಿಳಿಯಿತು. ಅವಳು ಅತ್ತು ಮುಗಿಸಿದ ಮೇಲೆ ಪೂಜ್ಯರು ಇಷ್ಟು ಹೇಳಿದರು:

"ಎಲ್ಲಾರನ್ನೂ ಜಾಗಕ್ಕ ಕೂಡ್ರಿಸಿದಾಕಿ ಹೆಸರು ಯಾರೂ ಕರಿಯೂದಿಲ್ಲ, ತಂಗಿ. ನೀ ಕರಿ."

ಹೊಸೆದ ಹಗ್ಗಕ್ಕೆ ತುದಿಗಂಟು ಹಾಕಿ, ತೊಟ್ಟಿಲಿಗೆ ಆಗುತ್ತದೆಂದು ಅವಳ ಮಡಿಲಿಗೆ ಹಾಕಿದರು.

ದವನವ್ವ ಮನೆಗೆ ಹೋಗಿ ಯಾರನ್ನೂ ಏನನ್ನೂ ಕೇಳಲಿಲ್ಲ. ಗಾಡಿ ಹೂಡಿಸಿ, ತೊಟ್ಟಿಲು ಹೇರಿಸಿ, ಮಗಳು ಬನವ್ವನನ್ನು ಕೂಡ್ರಿಸಿಕೊಂಡು ಅಂದೇ ಬೀಗರ ಊರಿಗೆ ಹೊರಟಳು. ಸೋದರತ್ತೆಯಾಗಿ ಬನವ್ವ ಕೂಸಿನ ಕಿವಿಯಲ್ಲಿ ಹೂವಕ್ಕ ಎಂದು ಕರೆದಳು. ಕಸ್ತೂರೆವ್ವನಿಗೆ ಆ ಹೆಸರು ಯಾರದೆಂದು ತಿಳಿದಾಗ ಅವಳು ಕೂಸನ್ನು ತಂದು ಅತ್ತೆಯ ತೊಡೆಯ ಮೇಲೆ ಮಲಗಿಸಿದಳು. ಮಾರನೆಯ ದಿನ ಕೂಸಿನೊಂದಿಗೆ ಮೂವರೂ ಒಂದೇ ಗಾಡಿಯಲ್ಲಿ ಬಂದರು. ಊರು ಮುಟ್ಟುವವರೆಗೂ ದವನವ್ವ ಮೊಮ್ಮಗಳನ್ನು ಯಾರ ಕೈಗೂ ಕೊಡಲಿಲ್ಲವಂತೆ.

ಮುಂದೆ ಮತ್ತೊಂದು ಅಧಿಕ ಮಾಸ ಬಂತು. ಹುಣ್ಣಿಮೆಯ ದಿನ ದವನವ್ವನ ಅಡಿಗೆಮನೆಯಿಂದ ಬಿಸಿರೊಟ್ಟಿಯ, ಹುರಿದ ಅಗಸೆಯ ವಾಸನೆ ಓಣಿಗೆ ಬಂತು. ಹಬ್ಬವಿಲ್ಲದ ದಿನ ಇದೇನು ಅಡಿಗೆ ಎಂದು ಹೆಂಗಸರು ಬಾಗಿಲಿಗೆ ಬಂದು ಕೇಳಿದರು. ಅವಳು ಎಂದಿನ ಗತ್ತಿನಲ್ಲಿ ಅಪ್ಪಣೆ ಕೊಟ್ಟಳು: ಇದು ಹೂವಕ್ಕನ ಹುಣ್ಣಿಮೆ, ಇವತ್ತು ಅವರವರ ಹಡೆದವ್ವನಿಗೆ ಸೇರುತ್ತಿದ್ದ ಅಡಿಗೆ ಮಾಡಬೇಕು, ಉಣ್ಣುವ ಮೊದಲು ಅವಳ ಹೆಸರನ್ನು ಬಾಯಿ ಬಿಟ್ಟು ಒಮ್ಮೆ ಹೇಳಬೇಕು. ಊರು ಅವಳ ಮಾತು ಮೀರಿದ್ದುಂಟೇ? ಅಂದು ಎಷ್ಟೋ ಮನೆಗಳಲ್ಲಿ ಹೆಸರು ನೆನಪಾಗಲು ಹೊತ್ತು ಹಿಡಿಯಿತು. ಬಡಿಸಿದ ಊಟ ಅಷ್ಟು ಹೊತ್ತು ಕಾಯಿತು.

ಮೊಮ್ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ದವನವ್ವ ಮಠಕ್ಕೂ ರೊಟ್ಟಿ ಒಯ್ದಿದ್ದಳು. ಪೂಜ್ಯ ಅಜ್ಜನವರು ಬೇವಿನ ಕೆಳಗೆ ಕುಳಿತು, ರೊಟ್ಟಿ ಮುರಿಯುವ ಮೊದಲು ಕಣ್ಣು ಮುಚ್ಚಿ ಮೆಲ್ಲಗೆ ಒಂದು ಹೆಸರು ಹೇಳಿದರು. ಅವರಿಗೂ ಒಬ್ಬ ಹಡೆದವ್ವ ಇದ್ದಳೆಂದು ಆ ಊರಿನಲ್ಲಿ ಅಲ್ಲಿಯವರೆಗೆ ಯಾರೂ ನೆನೆದಿರಲಿಲ್ಲ. ದವನವ್ವ ಆ ಹೆಸರನ್ನು ಕೇಳಿಸಿಕೊಂಡಳು, ಕೈ ಮುಗಿದಳು, ಮಡ್ಡಿ ಇಳಿಯುತ್ತ ಮೊಮ್ಮಗಳಿಗೂ ಅದನ್ನು ಹೇಳಿಕೊಟ್ಟಳು.