ಎಡ ಹುಬ್ಬಿನ ಮೇಲಿನ ಚುಕ್ಕೆ

ಕಣ್ಣಿನ ಆಸ್ಪತ್ರೆಯಲ್ಲಿ ನರ್ಸ್ ಸಾವಂತ್ರವ್ವನ ಎಡ ಹುಬ್ಬಿನ ಮೇಲೆ ಶಾಯಿಯ ಚುಕ್ಕೆಯೊಂದನ್ನು ಇಟ್ಟಳು. ಪೊರೆ ಬಂದದ್ದು ಎಡಗಣ್ಣಿಗೆ. ಆಪರೇಷನ್ನಿನ ಹೊತ್ತಿಗೆ, ಡಾಕ್ಟರ ಕೈಯಲ್ಲಿದ್ದ ಬ್ಲೇಡು ಅವಸರದಲ್ಲಿ ಬಲಗಣ್ಣಿನತ್ತ ಹೊರಟಿತು.

"ನಿಲ್ಲು! ಪೊರೆ ಇರುವುದು ನನ್ನ ಕೆಳಗಿನ ಕಣ್ಣಿಗೆ," ಎಂದಿತು ಚುಕ್ಕೆ.

"ಸಾಸಿವೆಯಷ್ಟಿರುವ ನೀನೊಬ್ಬನೇ ನನ್ನನ್ನು ತಡೆಯುವೆಯಾ?" ಎಂದಿತು ಬ್ಲೇಡು.

"ಒಬ್ಬನೇ ಇರಬೇಕು. ಆ ಕಡೆಯೂ ಒಬ್ಬ ಜೊತೆಗಾರ ಇದ್ದಿದ್ದರೆ ನಿನಗೆ ದಾರಿ ತಿಳಿಯುತ್ತಿರಲಿಲ್ಲ."

ಡಾಕ್ಟರು ಚುಕ್ಕೆಯನ್ನು ಕಂಡು ಬೆಚ್ಚಿ ಕೈ ಹಿಂದಕ್ಕೆ ತೆಗೆದರು. ಬ್ಲೇಡು ಎಡಕ್ಕೆ ಬಂತು.

ಮರುದಿನ ಪಟ್ಟಿ ಬಿಚ್ಚಿದಾಗ ಸಾವಂತ್ರವ್ವ ಬಲಗಣ್ಣು ಮುಚ್ಚಿಕೊಂಡು ಕನ್ನಡಿ ನೋಡಿದಳು.

"ಅಯ್ಯ, ಹುಬ್ಬಿನ ಮ್ಯಾಲ ಇದೇನವ್ವಾ ಮಸಿ? ವರಸಿಬಿಡು," ಎಂದಳು.

ನರ್ಸ್ ಹತ್ತಿ ತೆಗೆದುಕೊಂಡಳು.

"ಈ ಕಣ್ಣಿಗೆ ನಾನು ಕಾಣಿಸಿದೆನಲ್ಲ!" ಎಂದಿತು ಚುಕ್ಕೆ. ಅದು ಯಾರಿಗೂ ಕೇಳಿಸಲಿಲ್ಲ.