ಸೊಟ್ಟ ಬಂಡೆ ತಿದ್ದಲು ಹೋದವನು

ನಾಲ್ಕು ವರ್ಷದಿಂದ ಕಂಬದ ಮೂಲೆ ಕೆತ್ತಿ ಕೆತ್ತಿ ಚೌಡೇಶನಿಗೆ ಸಾಕಾಗಿತ್ತು. ಹೊಳೆದಂಡೆಯಲ್ಲಿದ್ದ ಗುರು ಕಾಳಾಚಾರ್ಯರ ಆಶ್ರಮದಲ್ಲಿ ಅವನಷ್ಟು ನೇರವಾಗಿ ಉಳಿ ಓಡಿಸುವ ಶಿಲ್ಪಿ ಇನ್ನೊಬ್ಬನಿರಲಿಲ್ಲ. ಹಾಗಂತ ಅವನೇ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ.

"ದೇವಿ ವಿಗ್ರಹ ಕುತ್ತಿಗೆವರೆಗೆ ಮುಗೀತು ಗುರುಗಳೇ. ಮುಖ ನನಗೇ ತಾನೆ?"

ಕಾಳಾಚಾರ್ಯರು ಕೈಗೆ ಮೆತ್ತಿದ್ದ ಕಲ್ಲುಪುಡಿ ಕೊಡವಿಕೊಂಡರು.

"ಕಡಲ ತಡಿಯಲ್ಲಿ ಕಂಬ ನಿಲ್ಲಿಸಿದಂಥ ಬಂಡೆಗಳಿವೆ. ಒಂದೊಂದಕ್ಕೂ ಆರು ಮೂಲೆ. ಯಾರೂ ಕಡೆದದ್ದಲ್ಲ. ನೋಡಿಕೊಂಡು ಬಾ. ಮುಖ ಯಾರಿಗೆ ಅಂತ ಆಮೇಲೆ ಹೇಳ್ತೀನಿ."

ಗೆಳೆಯ ನಿಂಗಣ್ಣನ ಎತ್ತಿನಗಾಡಿಯಲ್ಲಿ ಚೌಡೇಶ ಹೊರಟ. ಆರನೆಯ ದಿನ ಕೆಂಡವಾಗಿ ವಾಪಸು ಬಂದ.

"ಆ ದೋಣಿಯವನಿಗೆ ಎಷ್ಟು ಕೊಬ್ಬು ಗುರುಗಳೇ! ನನ್ನ ಕೈ ಹಿಡಿದ! ಈ ಕೈ!"

"ಯಾಕೆ ಹಿಡಿದ?"

"ಬಂಡೆಗಳೇನೋ ಪರವಾಗಿಲ್ಲ. ತುದಿಯಲ್ಲಿರೋ ಒಂದು ಮಾತ್ರ ಸೊಟ್ಟ. ತೂಗುಗುಂಡು ಇಳಿಬಿಟ್ಟು ನೋಡಿದೆ, ಮೂರು ಬೆರಳು ವಾಲಿದೆ. ನಿಮ್ಮ ಶಿಷ್ಯ ಅದನ್ನ ನೋಡ್ಕೊಂಡು ಸುಮ್ಮನಿರ್ತಾನಾ? ತಿದ್ದೋಕೆ ಕೂತೆ."

"ನಾನು ಬೇಡ ಕಣೋ ಅಂದೆ..." ನಿಂಗಣ್ಣ ಗೊಣಗಿದ.

"ಬಾಯ್ಮುಚ್ಚೋ! ಎತ್ತು ಹೊಡೆಯೋನಿಗೆ ಕಲ್ಲಿನ ಉಸಾಬರಿ ಯಾಕೆ?"

"ದೋಣಿಯವನು ಏನಂದ?" ಕಾಳಾಚಾರ್ಯರು ಕೇಳಿದರು.

"'ಎಂತ ಮಾಡುವುದು ಮಾರಾಯ ನೀನು! ಆ ವಾಲಿದ ಕಲ್ಲು ನೋಡಿಯೇ ನಮ್ಮ ದೋಣಿ ದಡ ಸೇರುವುದು' ಅಂದ. ನಾನು ಹಾಕಿದ್ದು ನಾಲ್ಕೇ ಏಟು. ಅಷ್ಟಕ್ಕೆ ಉಳಿ ಕಿತ್ತುಕೊಂಡ. ಕಾಳಾಚಾರ್ಯರ ಶಿಷ್ಯ ಕಣಯ್ಯ ನಾನು ಅಂದ್ರೆ, 'ಅವರೇ ಬರಲಿ, ಅವರ ಕೈಗೇ ಕೊಡ್ತೇನೆ' ಅಂತಾನೆ! ಇದು ನಿಮಗೇ ಮಾಡಿದ ಅವಮಾನ ಅಲ್ವಾ?"

ಕಾಳಾಚಾರ್ಯರು ಎದ್ದರು. ಶಲ್ಯ ಹೆಗಲಿಗೆ ಹಾಕಿಕೊಂಡರು.

"ನಿಂಗಣ್ಣ, ಎತ್ತು ಕಟ್ಟಪ್ಪ. ಕಡಲಿಗೆ ಹೋಗೋಣ."

ಚೌಡೇಶನ ಎದೆ ಉಬ್ಬಿತು. "ಹಾಗೆ ಬನ್ನಿ ದಾರಿಗೆ! ಚೆನ್ನಾಗಿ ಝಾಡಿಸಿ ಅವನಿಗೆ. ನೀವು ಬರೋದರೊಳಗೆ ನಾನು ದೇವಿಯ ಮುಖ ಶುರು ಮಾಡ್ಲಾ?"

ಕಾಳಾಚಾರ್ಯರು ಗಾಡಿ ಹತ್ತಿ ಕೂತರು.

"ಎಲ್ಲಿ ಉಳಿ ಇಡಬಾರದು ಅಂತ ಗೊತ್ತಿರೋನು ಅಲ್ಲಿದ್ದಾನೆ. ಮುಖ ಕಡೆಯೋಕೆ ಬರ್ತಾನೋ ಏನೋ, ಕೇಳಿ ಬರ್ತೀನಿ."