ಭರಮನ ದಿನ್ನೆಯ ವೀರಗಲ್ಲು

ನಮ್ಮ ಕೊಡಚಿಗೇರಿಯ ಪಡುವಣಕ್ಕೆ, ಜೋಳದ ಹೊಲಗಳ ನಡುವೆ, ಒಂದು ಬೋಳು ದಿನ್ನೆಯಿದೆ. ನೆತ್ತಿಯ ಮೇಲೆ ಒಂದೇ ಒಂದು ವೀರಗಲ್ಲು. ಬಂದವರು ಫೋಟೊ ತೆಗೆದುಕೊಂಡು, ಇದು ಪದಕ ಪಡೆದ ಜಮಾದಾರ ಬಾಳನಗೌಡರ ಕಲ್ಲು ತಾನೇ ಎಂದು ಕೇಳುತ್ತಾರೆ. ಅಲ್ಲ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಇದು ಭರಮನ ದಿನ್ನೆ. ಆ ಹೆಸರನ್ನು ಗಳಿಸಿಕೊಟ್ಟವರು ಗೌಡರೇ.

ಹಿಂದೆ ಒಮ್ಮೆ, ಮೊದಲ ಮಹಾಯುದ್ಧದ ಕಾಲಕ್ಕೆ, ಬಾಳನಗೌಡರು ಕಾಲಾಳು ಪಡೆಯಲ್ಲಿ ಸಿಪಾಯಿಗಳ ಮೇಲಿನ ಅಧಿಕಾರಿಯಾಗಿ ಕಡಲಾಚೆಯ ಮರಳುನಾಡಿಗೆ ಹೋಗಿದ್ದರು. ಅಲ್ಲಿ ಹನ್ನೊಂದು ಜನರನ್ನು ಕಟ್ಟಿಕೊಂಡು ಒಂದು ಕಂದಕವನ್ನು ಬೆಳಗಿನಿಂದ ಸಂಜೆಯವರೆಗೆ ಬಿಟ್ಟುಕೊಡದೆ ಹಿಡಿದರು ಎನ್ನುತ್ತಾರೆ. ತೊಡೆಗೆ ಗುಂಡು ಬಿದ್ದು ಬಯಲಲ್ಲಿ ಉರುಳಿದಾಗ ಅವರನ್ನು ಎಳೆದು ತಂದವನು ನಮ್ಮೂರ ಹೊರಕೇರಿಯ ಸಿಪಾಯಿ ಭರಮ. ಅವರನ್ನು ಮಲಗಿಸುವಷ್ಟರಲ್ಲಿ ತಾನೇ ಗುಂಡಿಗೆ ಬಲಿಯಾದ. ಊರಿಗೆ ಮುಟ್ಟಿದ ಕಾಗದದಲ್ಲಿ ಮಾತ್ರ ಇಬ್ಬರೂ ಪತ್ತೆಯಿಲ್ಲ ಎಂದಿತ್ತು. ರಣದಲ್ಲಿ ಸತ್ತವನಿಗೆ ವರ್ಷದೊಳಗೆ ಕಲ್ಲು ನಿಲ್ಲಿಸದಿದ್ದರೆ ಜೀವ ಅಲೆಯುತ್ತದೆಂದು ನಮ್ಮವರ ನಂಬಿಕೆ. ಸತ್ತೇ ಹೋದರೆಂದು ತಿಳಿದು, ಅವಸರಪಟ್ಟು ಹನುಮಪ್ಪನ ಗುಡಿಯ ಮುಂದೆ ಗೌಡರಿಗೆ ಕಲ್ಲು ನಿಲ್ಲಿಸಿಯೇಬಿಟ್ಟರು. ಹೊರಕೇರಿಯವರಿಗೆ ಕಲ್ಲು ನಿಲ್ಲಿಸುವ ರೂಢಿ ಇರಲಿಲ್ಲ. ಅಂಥ ರೂಢಿಗಿಷ್ಟು ಬೆಂಕಿ ಹಾಕ. ಭರಮನ ತಾಯಿ ಸಾಕವ್ವ ಮಗನಿಗೆ ಎಡೆ ಇಡಲು ಜಾಗವಿಲ್ಲದೆ ಉಳಿದಳು.

ಕಲ್ಲು ನಿಂತ ಮೂರು ತಿಂಗಳಿಗೆ, ದೂರದ ದಂಡಿನ ಆಸ್ಪತ್ರೆಯಲ್ಲಿ ಬದುಕಿಕೊಂಡಿದ್ದ ಗೌಡರು ಎದೆಯ ಮೇಲೆ ಪದಕ, ಕೈಯಲ್ಲಿ ಕೋಲು, ಕುಂಟುತ್ತ ಊರು ಹೊಕ್ಕರು. ಬದುಕಿದವನ ಕಲ್ಲು ನಿಂತರೆ ಅವನು ವರ್ಷ ದಾಟುವುದಿಲ್ಲ, ನಿಂತ ಕಲ್ಲನ್ನು ಒಡೆದರೆ ಊರು ಉಳಿಯುವುದಿಲ್ಲ ಎಂದು ಹಿರಿಯರು ತಲೆಯ ಮೇಲೆ ಕೈ ಹೊತ್ತು ಕುಳಿತರು. ಗೌಡರು, “ಒಡೀಬ್ಯಾಡ್ರಿ. ಈ ಕಲ್ಲಿಗೆ ಹಕ್ಕುದಾರ ಬ್ಯಾರೆ ಅದಾನ. ಇದು ಭರಮನ ಕಲ್ಲು,” ಎಂದರು. ಹೊರಕೇರಿಯವನ ಕಲ್ಲು ಗುಡಿಯ ಮುಂದೆ ನಿಲ್ಲುವುದುಂಟೇ ಎಂದು ಪಂಚರು ಕೆರಳಿದರು. “ಹಂಗಾರ ಗುಡಿಗಿಂತ ಎತ್ತರದಾಗ ನಿಲ್ಲಸ್ತೀನಿ,” ಎಂದು ಗೌಡರು ಎದ್ದು ಹೋದರು.

ಯಾರೂ ಕೈ ಹಚ್ಚಲಿಲ್ಲ. ಮನೆಯ ಎತ್ತುಗಳಿಗೂ ಅಣ್ಣತಮ್ಮಂದಿರು ಅಡ್ಡ ನಿಂತರು. ಗೌಡರು ಹಾರೆಯಿಂದ ಕಲ್ಲನ್ನು ಕಿತ್ತು, ದುಂಡನೆಯ ತೊಲೆಗಳ ಮೇಲೆ ಉರುಳಿಸಿ, ಹಗ್ಗವನ್ನು ಸೊಂಟಕ್ಕೆ ಬಿಗಿದು ಒಬ್ಬರೇ ಎಳೆದರು. ಕೆಲವು ದಿನ ಹತ್ತು ಮಾರು, ಕೆಲವು ದಿನ ಎರಡೇ ಮಾರು. ತೊಡೆಯ ಗಾಯ ಬಾಯಿಬಿಟ್ಟು ಧೋತರ ಕೆಂಪಾಯಿತು. ಸಾಕು ಮಾಡೋ ಎಂದು ತಾಯಿ ಗಂಗವ್ವ ಅತ್ತಳು. “ಕಂದಕದಾಗೂ ಎಲ್ಲಾರೂ ಹಿಂಗ ಅಂದಿದ್ರು,” ಎಂದರಂತೆ. ಏರು ಶುರುವಾದ ದಿನ ಗಂಗವ್ವ ಸೆರಗು ಬಿಗಿದು ತಾನೇ ಹಗ್ಗ ಹಿಡಿದಳು. ಅದನ್ನು ಕಂಡು ಹೊರಕೇರಿಯವರೂ ಓಡಿ ಬಂದರು. ಹದಿನಾರನೆಯ ದಿನ ಕಲ್ಲು ನೆತ್ತಿ ಮುಟ್ಟಿತು.

ಸಾಕವ್ವ ಎಡೆ ತಂದವಳು ಕಲ್ಲಿನ ಮುಖವನ್ನು ಬಹಳ ಹೊತ್ತು ನೋಡಿದಳು. “ಗೌಡ್ರ, ಇದು ನಿಮ್ಮ ಮಾರಿ. ನನ್ನ ಮಗಗ ಮೀಸಿ ಇನ್ನಾ ಚಿಗತಿದ್ದಿಲ್ಲ,” ಎಂದಳು. ಗೌಡರು ಉಳಿ ತರಿಸಿ ಅಲ್ಲೇ ಕುಳಿತರು.

ಇಂದಿಗೂ ಮೇಲೆ ಹತ್ತಿದವರು ನೋಡಬಹುದು. ಕುದುರೆ, ಕತ್ತಿ, ಪೇಟ ಎಲ್ಲವೂ ಅಚ್ಚುಕಟ್ಟಾಗಿವೆ. ಮೂಗಿನ ಕೆಳಗೆ ಮಾತ್ರ ಕಲ್ಲು ಒರಟೊರಟಾಗಿ ಕೆತ್ತಿಹೋಗಿದೆ. ಯಾರೋ ಕಿಡಿಗೇಡಿಗಳು ಕೆಡಿಸಿದರೆಂದು ಕೆಲವರು ಬೇಸರಪಡುತ್ತಾರೆ. ಗೌಡರ ಮನೆಯವರು ಪೂಜೆಗೆ ಬಂದಾಗ ಮೊದಲು ಅರಿಸಿನ ಹಚ್ಚುವುದು ಅಲ್ಲಿಗೇ.